ಬೋರ್ಡು ತಿರುಗುವ ಮೊದಲೇ ಎಸೆದ ಚೀಲ

ರಾಯಚೂರು ಬಸ್ ನಿಲ್ದಾಣದಲ್ಲಿ ಬಾಗಿಲಿನಿಂದ ಹತ್ತಿ ಸೀಟು ಹಿಡಿದವರುಂಟೇ? ಬಸ್ಸು ನಿಲ್ಲುವಷ್ಟರಲ್ಲೇ ಕಿಟಕಿಯಿಂದ ಟವೆಲ್ಲೋ ಕರ್ಚೀಫೋ ಚೀಲವೋ ಒಳಗೆ ಬಿದ್ದಿರಬೇಕು. ಬಿದ್ದರೆ ಸೀಟು ನಮ್ಮದು, ಯಾರೂ ಮುಟ್ಟುವುದಿಲ್ಲ. ಮಸರಕಲ್‌ನಿಂದ ಯರಗೇರಾದ ವಿಶ್ವವಿದ್ಯಾಲಯಕ್ಕೆ ದಿನಾ ಬಸ್ ಬದಲಿಸಿ ಹೋಗುತ್ತಿದ್ದ ನಾನು ಎಂ.ಎ.ಗಿಂತ ಮೊದಲು ಪಾಸಾದದ್ದು ಈ ವಿದ್ಯೆಯಲ್ಲಿ.

ಅವತ್ತು ಮಧ್ಯಾಹ್ನ ಎರಡಕ್ಕೆ ಕೊನೆಯ ಸೆಮಿಸ್ಟರಿನ ಪರೀಕ್ಷೆ. 'ಯರಗೇರಾ' ಎಂಬ ಬೋರ್ಡು ಕಂಡದ್ದೇ ತಡ, ಚೀಲ ಎಸೆದೆ. ಸೀಟು ಸಿಕ್ಕಿತಲ್ಲ, ನೂಕುನುಗ್ಗಲು ಕರಗಲಿ ಎಂದು ನೀರು ಕುಡಿಯಲು ಹೋದೆ. ತಿರುಗಿ ನೋಡಿದರೆ ಬಸ್ಸೇ ಇಲ್ಲ! ಅದು ಯರಗೇರಾದಿಂದ ಬಂದ ಬಸ್ಸಂತೆ. ಡ್ರೈವರ್ ಬೋರ್ಡು ತಿರುಗಿಸಿ ಮಾನ್ವಿಗೆ ಹೊರಟುಬಿಟ್ಟಿದ್ದ. ನನ್ನ ಹಾಲ್ ಟಿಕೆಟ್ ಆ ಚೀಲದಲ್ಲಿತ್ತು. ಅದಿಲ್ಲದೆ ಪರೀಕ್ಷೆಗೆ ಕೂರಿಸುವುದಿಲ್ಲ, ಒಂದು ವರ್ಷ ಮಣ್ಣುಪಾಲು.

ನಮ್ಮೂರ ಮೇಲೆ ಹೋಗುವ ದೇವದುರ್ಗ ಬಸ್ಸಿನ ಕಂಡಕ್ಟರ್ ನನ್ನನ್ನು ದಿನಾ ನೋಡುವವರು. ಕಲ್ಮಲದವರೆಗೆ ಅದಕ್ಕೂ ಮಾನ್ವಿ ಬಸ್ಸಿಗೂ ಒಂದೇ ದಾರಿ. ಅಳುತ್ತ ಹೇಳಿದ್ದನ್ನು ಕೇಳಿ ಮಾನ್ವಿ ಬಸ್ಸಿನವರಿಗೆ ಫೋನ್ ಹಚ್ಚಿದರು.

"ಬೋರ್ಡ್ ತಿರುಗಿಸೋಮಟ ತಡಕೊಳ್ಳಾಕ ಆಗಲ್ಲೇನವಾ ನಿನಗ? ನಮ್ ಬಸ್ ಹತ್ತು, ಕಲ್ಮಲದಾಗ ಅವ್ರು ನಿಲ್ಲಿಸ್ತಾರ" ಎಂದು ಗದರಿದರು.

ಕಲ್ಮಲದಲ್ಲಿ ಆ ಬಸ್ಸು ನಿಜಕ್ಕೂ ನಿಂತಿತ್ತು. ಒಳಗೆ ಕಾಲಿಡಲು ಜಾಗವಿಲ್ಲ. ಆದರೆ ಕಿಟಕಿ ಪಕ್ಕದ ಒಂದು ಸೀಟು ಖಾಲಿ, ಅದರ ಮೇಲೆ ನನ್ನ ಚೀಲ! ಆ ಸೀಟಿನ ಕಂಬಿ ಹಿಡಿದು ಒಬ್ಬ ಮುದುಕಿ ನಿಂತಿದ್ದಳು. ಮೊಣಕಾಲಿಗೆ ಬಟ್ಟೆ ಬಿಗಿದುಕೊಂಡಿದ್ದಳು, ಕಾಲು ನಡುಗುತ್ತಿತ್ತು.

"ಸೀಟು ಖಾಲಿ ಅದಲ್ಲ ಯವ್ವಾ, ಯಾಕ ಕುಂದ್ರಲಿಲ್ಲ?"

"ಅದು ಓದೋ ಹುಡುಗೀದು, ಮುಟ್ಟಬ್ಯಾಡ್ರಿ ಅಂದ್ರವಾ ಕಂಡಕ್ಟರು."

ಕಂಡಕ್ಟರ್ ಹೇಳಿದ್ದು ಚೀಲದ ಮಾತು. ಈಕೆ ಮೊದಲು ಚೀಲ ನೋಡಿ, ಫೋನ್ ಬಂದ ಮೇಲೆ ಈ ಮಾತನ್ನು ಸೀಟಿಗೂ ಅನ್ವಯಿಸಿಕೊಂಡು ರಾಯಚೂರಿನಿಂದ ಹಾಗೇ ನಿಂತು ಬಂದಿದ್ದಳು. ಸುತ್ತ ಇದ್ದವರಲ್ಲಿ ಒಬ್ಬರಾದರೂ ಕೂರು ಎನ್ನಬಾರದಿತ್ತೇ? ಸಿಟ್ಟು ಬಂತು. ಎಸೆದವಳು ನಾನೇ ಎಂಬುದು ನೆನಪಾಗಿ ತಲೆ ತಗ್ಗಿಸಿ ಚೀಲಕ್ಕೆ ಕೈ ಚಾಚಿದೆ.

ಎದುರಿಗೆ ಬಂದ ಬಸ್ಸಿನಲ್ಲಿ ರಾಯಚೂರಿಗೆ ಮರಳಿ, ಯರಗೇರಾ ಬಸ್ ಹಿಡಿದು ಪರೀಕ್ಷೆಗೆ ಹತ್ತು ನಿಮಿಷ ಮೊದಲೇ ತಲುಪಿದೆ, ಬರೆದೆ, ಪಾಸೂ ಆದೆ. ಆದರೆ ಏನು ಬರೆದೆನೋ ಒಂದೂ ನೆನಪಿಲ್ಲ. ನೆನಪಿರುವುದು ಚೀಲ ಎತ್ತಿಕೊಂಡಾಗ ಆಕೆ ಕೇಳಿದ್ದು.

"ನೀ ಇಳಿಯಾಕತ್ತೀಯೇನವಾ? ಹಂಗಾರ ನಾ ಕುಂದ್ರಲೇನು?"

ನಾನು ಹೂಂ ಎನ್ನುವವರೆಗೂ ಆಕೆ ನಿಂತೇ ಇದ್ದಳು.