ಸಕ್ಕರೆ ಇಲ್ಲದ ಚಾ ಒಂದು

ನಾನು ನಿಮ್ಮ ಹಾಗೆ ಚಿಕ್ಕವಳಿದ್ದಾಗ, ಮಕ್ಕಳೇ, ನಮ್ಮ ಮನೆ ಮುಂಬಯಿ ಹತ್ತಿರದ ಡೊಂಬಿವಲಿಯಲ್ಲಿತ್ತು. ಸ್ಟೇಷನ್ ಹತ್ತಿರ ಅಪ್ಪನ ಪುಟ್ಟ ಹೋಟೆಲು, ಅದರ ಮೇಲಿನ ಒಂದೇ ಕೋಣೆಯಲ್ಲಿ ನಾವೆಲ್ಲ. ಬೆಳಿಗ್ಗೆ ಕಣ್ಣು ಬಿಡುವ ಮೊದಲೇ ಸಾಂಬಾರಿನ ಇಂಗಿನ ಪರಿಮಳ ಮೆಟ್ಟಿಲು ಹತ್ತಿ ಬರುತ್ತಿತ್ತು. ಲೋಕಲ್ ರೈಲು ಹಾದುಹೋದಾಗಲೆಲ್ಲ ಗೂಡಿನಲ್ಲಿದ್ದ ಲೋಟಗಳು ಕಿಣಿಕಿಣಿ ಎನ್ನುತ್ತಿದ್ದವು.

ನನ್ನ ಕನ್ನಡ ಶಾಲೆ ಏಳನೆಯ ಕ್ಲಾಸಿಗೇ ಮುಗಿಯಿತು. ಮುಂದೆ ಇಂಗ್ಲಿಷ್ ಶಾಲೆಗೆ ಸೇರಲು ಪರೀಕ್ಷೆ ಬರೆಯಬೇಕಿತ್ತು. ಪಾಸಾಗದಿದ್ದರೆ ಉಡುಪಿಯ ಅಜ್ಜಿಯ ಮನೆಯಲ್ಲಿದ್ದು ಓದುವುದೆಂದು ಅಪ್ಪ ತೀರ್ಮಾನಿಸಿದ್ದರು. ಅಜ್ಜಿ ಒಳ್ಳೆಯವರೇ. ಆದರೆ ನಾನು ಅಕ್ಕನ ಜಡೆ ಹಿಡಿದುಕೊಂಡೇ ಮಲಗುವ ಹುಡುಗಿ. ಅವಳನ್ನು ಬಿಟ್ಟು ಹೋಗುವುದೆಂದರೆ ನನಗೆ ಊಟವೇ ಸೇರುತ್ತಿರಲಿಲ್ಲ.

ಪರೀಕ್ಷೆಯ ದಿನ ಬೆಳಿಗ್ಗೆ ಅಕ್ಕ ನನ್ನನ್ನು ಕೂರಿಸಿಕೊಂಡು ಇಂಗ್ಲಿಷ್ ವಾಕ್ಯ ಬರೆಸಿದಳು. ನಾನು ಬರೆದೆ: ‘ರನ್ನಿಂಗ್ ಫಾರ್ ದ ಲೋಕಲ್, ಮೈ ಸ್ಲಿಪರ್ ಬ್ರೋಕ್.’ ಅಕ್ಕ ನಕ್ಕಳು.

“ಓಡಿದ್ದು ಯಾರು? ಚಪ್ಪಲಿಯಾ?”

“ನಾನಲ್ವಾ!”

“ಹಾಗಾದ್ರೆ ಈ ವಾಕ್ಯದಲ್ಲಿ ನೀನು ಎಲ್ಲಿದ್ದಿ? ಹುಡುಕಿ ತೋರಿಸು.”

ನಾನು ಎಲ್ಲಿಯೂ ಇರಲಿಲ್ಲ. ಕನ್ನಡದಲ್ಲಿ ‘ಲೋಕಲ್‌ಗೆ ಓಡುವಾಗ ಚಪ್ಪಲಿ ಕಿತ್ತುಹೋಯಿತು’ ಅಂದರೆ ಎಲ್ಲರಿಗೂ ತಿಳಿಯುತ್ತದೆ. ಇಂಗ್ಲಿಷಿಗೆ ಅಷ್ಟು ಸಾಲದಂತೆ. ಆಮೇಲೆ, ನಾನು ಶಾಲೆಗೆ ಹೋಗುವಾಗ ನಾಯಿ ಕಂಡೆ ಎನ್ನಲು ‘ಐ ಸಾ ಎ ಡಾಗ್ ಗೋಯಿಂಗ್ ಟು ಸ್ಕೂಲ್’ ಎಂದು ಬರೆದು ನಾಯಿಯನ್ನೇ ಶಾಲೆಗೆ ಕಳಿಸಿದೆ. ಅಕ್ಕ ಎಷ್ಟು ತಿದ್ದಿದರೂ ತಲೆಗೆ ಹೋಗಲಿಲ್ಲ. ಸಿಟ್ಟು ಬಂದು ಪೆನ್ಸಿಲ್ ಎಸೆದು, ಕಣ್ಣೊರೆಸಿಕೊಳ್ಳುತ್ತ ಕೆಳಗೆ ಹೋಟೆಲಿಗೆ ಇಳಿದೆ.

ನಮ್ಮ ಹೋಟೆಲಿನಲ್ಲಿ ಯಾರೂ ಆರ್ಡರ್ ಬರೆದುಕೊಳ್ಳುತ್ತಿರಲಿಲ್ಲ. ಗಿರಾಕಿ ಕೇಳಿದ್ದನ್ನು ಸಪ್ಲೈಯರ್ ನಿಂತಲ್ಲಿಂದಲೇ ಅಡುಗೆಮನೆಗೆ ಕೂಗಬೇಕು. ಒಳಗಿನ ಭಟ್ಟರು ಕಿವಿಗೆ ಬಿದ್ದ ಹಾಗೆಯೇ ಮಾಡಿ ಕಳಿಸುವವರು. ಅವತ್ತು ವಿಜಯಪುರದ ಕಡೆಯ ಒಬ್ಬ ಅಣ್ಣ ಹೊಸದಾಗಿ ಆ ಕೆಲಸಕ್ಕೆ ಸೇರಿದ್ದ.

“ಒಂದು ಚಾ, ಒಂದು ಕಾಫಿ, ಸಕ್ಕರಿ ಬ್ಯಾಡಂತ್ರೀ!” ಎಂದು ಅವನು ಕೂಗಿದ.

ಸ್ವಲ್ಪ ಹೊತ್ತಿಗೆ ಮೂಲೆಯ ಮರಾಠಿ ಅಜ್ಜ, “ಅರೇ, ಹಾ ಚಹಾ ಗೋಡ್ ಆಹೇ!” ಎಂದು ಲೋಟ ಕೆಳಗಿಟ್ಟರು. ಸಕ್ಕರೆ ಬೇಡ ಅಂದಿದ್ದ ಅವರಿಗೆ ಸಿಹಿ ಚಾ ಹೋಗಿತ್ತು. ಎದುರಿಗೆ ಕೂತವರು ಕಹಿ ಕಾಫಿ ಕುಡಿದು ಮುಖ ಹುಳ್ಳಗೆ ಮಾಡಿದ್ದರು.

ಅಪ್ಪ ದುಡ್ಡು ಎಣಿಸುವ ಗಲ್ಲೆಯಿಂದಲೇ ಹೇಳಿದರು: “ಸಕ್ಕರೆ ಬೇಡ ಅಂದದ್ದು ಯಾವುದಕ್ಕೆ ಮಾರಾಯ? ಅದರ ಮೈಗೆ ತಾಗಿಸಿಯೇ ಹೇಳ್ಬೇಕು. ಸಕ್ಕರೆ ಇಲ್ಲದ ಚಾ ಒಂದು, ಕಾಫಿ ಒಂದು!”

ಅಣ್ಣ ಗಾಬರಿಯಲ್ಲಿ ಮುಂದಿನ ಟೇಬಲ್‌ನದು ಕೂಗಿದ: “ಬಿಸಿಬಿಸಿ, ಜಲ್ದಿ ಬರ್ಲಿ!”

ಭಟ್ಟರು ಕಿಟಕಿಯಿಂದ ತಲೆ ಹೊರಗೆ ಹಾಕಿದರು. “ಎಂತದು ಬರುವುದು? ಬಿಸಿಬಿಸಿ ಅಂತ ಒಂದು ತಿಂಡಿ ಉಂಟಾ?”

ಹೋಟೆಲಿಗೆ ಹೋಟೆಲೇ ನಕ್ಕಿತು, ಅಣ್ಣನೂ ನಕ್ಕ. ನನಗೆ ಮಾತ್ರ ಬಾಯಿಯಲ್ಲಿದ್ದ ಗೋಳಿಬಜೆ ನುಂಗಲು ಮರೆತುಹೋಯಿತು. ಶಾಲೆಗೆ ಹೋದ ನನ್ನ ನಾಯಿ ಎಂದರೆ ಕಾಫಿಗೆ ಅಂಟಿಕೊಂಡ ‘ಸಕ್ಕರೆ ಬೇಡ’. ಓಡಿದ ಚಪ್ಪಲಿ ಎಂದರೆ ತಿಂಡಿಯ ಹೆಸರೇ ಇಲ್ಲದ ‘ಬಿಸಿಬಿಸಿ’. ಮೆಟ್ಟಿಲು ಹಾರಿ ಹತ್ತಿ, ಅಕ್ಕ ಕೊಟ್ಟ ವಾಕ್ಯಗಳನ್ನೆಲ್ಲ ಅಡುಗೆಮನೆಗೆ ಕೂಗಿದಂತೆ ಕೂಗಿ ಕೂಗಿ ಸರಿಮಾಡಿದೆ.

ಮಧ್ಯಾಹ್ನ ಪರೀಕ್ಷೆಯಲ್ಲಿ ದೊಡ್ಡ ಟೀಚರು ತಿದ್ದಲು ಕೊಟ್ಟ ಮೊದಲ ವಾಕ್ಯ: ‘ದ ಗರ್ಲ್ ಕ್ಯಾರೀಡ್ ಎ ಬಾಸ್ಕೆಟ್ ವಿತ್ ಲಾಂಗ್ ಹೇರ್.’ ಬುಟ್ಟಿಗೆ ಉದ್ದ ಕೂದಲು! ಕೂದಲನ್ನು ಎತ್ತಿ ಹುಡುಗಿಯ ಪಕ್ಕಕ್ಕೆ ತಂದೆ: ‘ದ ಗರ್ಲ್ ವಿತ್ ಲಾಂಗ್ ಹೇರ್ ಕ್ಯಾರೀಡ್ ಎ ಬಾಸ್ಕೆಟ್.’ ಇನ್ನೊಂದು, ‘ಲುಕಿಂಗ್ ಔಟ್ ಆಫ್ ದ ವಿಂಡೋ, ದ ಹಿಲ್ಸ್ ವರ್ ಗ್ರೀನ್.’ ಕಿಟಕಿಯಿಂದ ನೋಡುವವರೇ ಇರಲಿಲ್ಲ. ನಾನೇ ಹೋಗಿ ಕೂತೆ: ‘ಲುಕಿಂಗ್ ಔಟ್ ಆಫ್ ದ ವಿಂಡೋ, ಐ ಸಾ ದ ಗ್ರೀನ್ ಹಿಲ್ಸ್.’

ಟೀಚರು ಹುಬ್ಬೇರಿಸಿ, ಕೂದಲನ್ನು ಯಾಕೆ ಸರಿಸಿದೆ ಎಂದು ಕೇಳಿದರು. ನನಗೆ ಬರುತ್ತಿದ್ದ ಹಿಂದಿಯಲ್ಲಿ ಹೇಳಿದೆ: “ಟೀಚರ್, ಯೆ ಚಾಯ್ ಕಾ ಶಕ್ಕರ್ ಹೈ, ಕಾಫೀ ಮೇ ಗಿರ್ ಗಯಾ.” ಚಾದ ಸಕ್ಕರೆ ಕಾಫಿಗೆ ಬಿತ್ತು ಎಂದರೆ ಅವರಿಗೆ ಅರ್ಥವಾಗಲಿಲ್ಲ. ಹೋಟೆಲಿನ ಕಥೆ ಪೂರ್ತಿ ಹೇಳಿದೆ. ಕೇಳಿ ಅವರು ಕನ್ನಡಕ ತೆಗೆದು ನಕ್ಕದ್ದೇ ನಕ್ಕದ್ದು. ಉಳಿದ ವಾಕ್ಯಗಳನ್ನೂ ನೋಡಿ, ಜೂನ್‌ನಿಂದ ಇಲ್ಲಿಗೇ ಬಾ ಎಂದರು.

ಅವತ್ತು ನಾನು ಮನೆಗೆ ನಡೆದು ಬಂದದ್ದು ನೆನಪೇ ಇಲ್ಲ, ಹಾರಿಯೇ ಬಂದಿರಬೇಕು. ಸುದ್ದಿ ಕೇಳಿ, ಯಾವತ್ತೂ ಗಲ್ಲೆ ಬಿಟ್ಟು ಏಳದ ಅಪ್ಪ ಎದ್ದು ನಿಂತು ಕೂಗಿದರು: “ಪಾಸಾಗಿ ಬಂದ ನಮ್ಮ ಸಣ್ಣ ಮಗಳಿಗೆ ತುಪ್ಪ ಹಾಕಿದ ಮಸಾಲೆ ದೋಸೆ ಒಂದು!” ಅದನ್ನು ನಾನೂ ಅಕ್ಕನೂ ಒಂದೇ ತಟ್ಟೆಯಲ್ಲಿ ತಿಂದೆವು.

ಈಗ ನವಿಮುಂಬಯಿ ಕಾಮೋಠೆಯ ಈ ಮನೆಯಲ್ಲಿ ನೀವು ಫೋನ್ ಮುಟ್ಟಿದರೆ ದೋಸೆ ಬಾಗಿಲಿಗೆ ಬರುತ್ತದೆ. ಇಂಗ್ಲಿಷ್ ತಪ್ಪಿದರೆ ಫೋನೇ ಕೆಳಗೆ ಗೆರೆ ಎಳೆಯುತ್ತದೆ. ಕನ್ನಡದಲ್ಲಿ ಕೇಳಿದರೆ ನೀವು ಹಿಂದಿಯಲ್ಲಿ ಉತ್ತರ ಕೊಡುತ್ತೀರಿ. ನನಗೆ ಅದೊಂದು ಬೇಜಾರು. ಆದರೆ ನಿನ್ನೆಯೂ ಇದೇ ಕಥೆ ಹೇಳಿ ಮುಗಿಸಿದ ಕೂಡಲೇ, ನಿಮ್ಮಲ್ಲಿ ಎಲ್ಲರಿಗಿಂತ ಚಿಕ್ಕವಳು ಅಡುಗೆಮನೆಯ ಕಡೆ ತಿರುಗಿ, ಕನ್ನಡದಲ್ಲೇ, ಗಂಟಲು ಹರಿಯುವಂತೆ ಕೂಗಿದಳಲ್ಲ: “ಕಥೆ ಹೇಳಿದ ನಮ್ಮ ಅಜ್ಜಿಗೆ ಸಕ್ಕರೆ ಇಲ್ಲದ ಚಾ ಒಂದು!”

ಒಂದು ಮಾತೂ ಜಾಗ ತಪ್ಪಿರಲಿಲ್ಲ. ಚಾ ನನಗೇ ಬಂತು.