ಪಾತ್ರೆಯಡಿಯ ಹೆಸರು

ವರ್ಲೀನ್ ಟಬ್ಸ್ ಮನೆಯಲ್ಲಿ ಹೆಸರಿಲ್ಲದ ಪಾತ್ರೆ ಒಂದೂ ಇಲ್ಲ. ಬಾಣಲೆ, ಬೇಕಿಂಗ್ ತಟ್ಟೆ, ಮುಚ್ಚಳ, ಕೊನೆಗೆ ಸೌಟಿನ ಹಿಡಿಗೂ ಒಂದು ತುಂಡು ಅಂಟುಪಟ್ಟಿ ಹಚ್ಚಿ, ಅದರ ಮೇಲೆ ದಪ್ಪ ಕಪ್ಪು ಮಸಿಯಲ್ಲಿ ತನ್ನ ಹೆಸರನ್ನೂ ಬೀದಿಯ ಹೆಸರನ್ನೂ ಬರೆದಿರುತ್ತಾಳೆ. ನಮ್ಮ ಟಾಲಿವರ್ ಊರಿನಲ್ಲಿ ಇದೇನು ಹೊಸದಲ್ಲ. ಸಾವಿನ ಮನೆಗೆ, ಬಾಣಂತಿಯ ಮನೆಗೆ, ಚರ್ಚಿನ ಊಟಕ್ಕೆ ಎಲ್ಲರ ಪಾತ್ರೆಗಳೂ ಹೋಗುತ್ತವೆ, ಕಲೆತುಹೋಗುತ್ತವೆ. ಹೆಸರಿದ್ದರೆ ಮನೆ ಸೇರುತ್ತವೆ. ಸೇರುವಾಗ ಬರಿದಾಗಿ ಮಾತ್ರ ಬರುವುದಿಲ್ಲ. ನಾಲ್ಕು ಟೊಮೆಟೊ ಆಗಲಿ, ಒಂದು ಹಿಡಿ ಪೆಕನ್ ಬೀಜವಾಗಲಿ, ಏನಾದರೂ ಹಾಕಿಯೇ ಕೊಡಬೇಕು. ಬರಿ ಪಾತ್ರೆ ವಾಪಸ್ಸು ಕೊಟ್ಟವರನ್ನು ಆ ಚಳಿಗಾಲದ ತನಕ ನಾನು ನೋಡಿರಲಿಲ್ಲ.

ನಾನು ಇಮೋಜೀನ್, ಅವಳ ಎದುರು ಮನೆಯವಳು. ಶಾಲೆಯ ಅಡಿಗೆಮನೆಯಲ್ಲಿ ಅವಳು ಹಿಟ್ಟು ನಾದುತ್ತಿದ್ದಳು, ನಾನು ತಟ್ಟೆ ತೊಳೆಯುತ್ತಿದ್ದೆ. ಅವಳ ಬೆಣ್ಣೆ ಬನ್ನಿನ ವಾಸನೆಗೆ ಲೆಕ್ಕದ ಮೇಷ್ಟ್ರು ಪಾಠ ಅರ್ಧಕ್ಕೆ ಬಿಟ್ಟು ಬರುತ್ತಿದ್ದರು. ಈಗ ಊರಿನ ಮೇಯರ್ ಅಂತ ಕೋಟು ಹಾಕಿಕೊಂಡು ತಿರುಗುವವನೂ ಅವಳ ಕೈಯಿಂದ ಎರಡನೇ ಬನ್ನಿಗೆ ಅಂಗಲಾಚಿದವನೇ. ವರ್ಲೀನಳ ಅಪ್ಪ ಹತ್ತಿ ಗಿರಣಿಯಲ್ಲಿ ಮೂಟೆ ಹೊತ್ತವನು. ಆರು ಮಕ್ಕಳ ಮನೆ. ಹಸಿವೆ ಏನೆಂದು ಅವಳಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಅದಕ್ಕೇ ಇರಬೇಕು, ಯಾರಾದರೂ ಬಾಗಿಲಲ್ಲಿ ನಿಂತರೆ ಹೇಗಿದ್ದೀರಿ ಎಂದು ಕೇಳುವ ಮೊದಲು ಊಟ ಆಯಿತಾ ಎನ್ನುತ್ತಾಳೆ.

ಗಂಡ ಹೊಯ್ಟ್ ಮಂಚ-ಕುರ್ಚಿ ಮಾಡುವ ಕಾರ್ಖಾನೆಯಲ್ಲಿ ಗರಗಸದ ಮುಂದೆ ನಿಂತು ಜೀವ ಸವೆಸಿದವನು. ಮರದ ಪುಡಿ ಎಲ್ಲ ಎದೆಗೆ ಇಳಿದು, ಕೊನೆಗೆ ಮೂಗಿಗೆ ನಳಿಗೆ, ನಳಿಗೆಯ ಇನ್ನೊಂದು ತುದಿಗೆ ಆಕ್ಸಿಜನ್ ಯಂತ್ರ. ಯಂತ್ರ ಕರೆಂಟಿನದು. ಕರೆಂಟು ಹೋದರೆ ಆಸರೆಗೆ ಮೂಲೆಯಲ್ಲಿ ಕಬ್ಬಿಣದ ಸಿಲಿಂಡರ್‌ಗಳು. ಅಷ್ಟಾದರೂ ಬಾಯಿ ಮಾತ್ರ ನಿಂತಿರಲಿಲ್ಲ.

"ನೋಡು ಇಮೋ, ನನ್ನ ಹೆಂಡ್ತಿಗೆ ನನ್ನ ಗಾಳಿಗಿಂತ ಅವಳ ಗ್ರೇವಿನೇ ಹೆಚ್ಚು," ಎನ್ನುತ್ತಿದ್ದ.

"ಗ್ರೇವಿ ಇಲ್ದಿದ್ರೆ ನೀನು ಯಾವತ್ತೋ ಹೋಗಿರ್ತಿದ್ದೆ, ಸುಮ್ನಿರು," ಎನ್ನುತ್ತಿದ್ದಳು ಇವಳು.

ನಮ್ಮ ಕಡೆ ಗಾಳಿಮಳೆಗೆ ಬರ ಇಲ್ಲ. ವಸಂತದಲ್ಲಿ ಸುಂಟರಗಾಳಿ, ಬೇಸಿಗೆಯ ಕೊನೆಗೆ ಕಡಲಿನಿಂದ ಬರುವ ಚಂಡಮಾರುತದ ಬಾಲ, ಚಳಿಗಾಲದಲ್ಲಿ ಒಂದೊಂದು ವರ್ಷ ಹಿಮಗಟ್ಟುವ ಮಳೆ. ಪ್ರತಿ ಸಲವೂ ಕಂಬ ಉರುಳುತ್ತವೆ, ಪ್ರತಿ ಸಲವೂ ಹೊರರಾಜ್ಯದಿಂದ ಲೈನ್‌ಮನ್‌ಗಳು ಬರುತ್ತಾರೆ, ಪ್ರತಿ ಸಲವೂ ವರ್ಲೀನ್ ಅವರಿಗೆ ಅಡಿಗೆ ಮಾಡುತ್ತಾಳೆ. ಊರವರೆಲ್ಲ ಕರೆಂಟ್ ಒಲೆಗೆ ಬದಲಾದರೂ ಇವಳು ಅಮ್ಮನ ಕಾಲದ ಗ್ಯಾಸ್ ಒಲೆ ಬಿಟ್ಟುಕೊಟ್ಟಿರಲಿಲ್ಲ. ಕಡ್ಡಿ ಗೀರಿದರೆ ಹತ್ತುತ್ತದೆ. ಫ್ರೀಜರ್ ಕರಗುವ ಮೊದಲು ಅದರಲ್ಲಿದ್ದ ಕೋಳಿ, ಬೆಂಡೆ, ಕಾಳು ಎಲ್ಲವನ್ನೂ ಒಲೆಗೇರಿಸಿ ಬಿಡುತ್ತಿದ್ದಳು.

"ಬೆಳಕು ತರೋರ ಹೊಟ್ಟೆ ತಣ್ಣಗಿದ್ರೆ ಬೆಳಕು ತಾನಾಗೇ ಬರುತ್ತೆ ಕಣೇ," ಎನ್ನುತ್ತಿದ್ದಳು. ಇದು ಅವಳೊಬ್ಬಳ ಹುಚ್ಚಲ್ಲ. ಮೊದಲು ಉಣಿಸಿದ ಬೀದಿಗೆ ಮೊದಲು ಕರೆಂಟು ಎಂದು ಊರಿಗೂರೇ ನಂಬಿತ್ತು. ನಾನೂ ನಂಬಿದ್ದೆ, ಸುಳ್ಳೇಕೆ ಹೇಳಲಿ.

ಇನ್ನು ಮೊಜೆಲ್ ಗ್ರಬ್ಸ್ ವಿಷಯ. ಅವಳ ಹೆಸರು ಹೇಳಲು ಈಗಲೂ ನನ್ನ ನಾಲಿಗೆ ಕಹಿಯಾಗುತ್ತದೆ, ಆದರೂ ಇದ್ದದ್ದು ಇದ್ದ ಹಾಗೆ ಹೇಳಬೇಕು. ಅವಳೂ ವರ್ಲೀನಳೂ ಒಂದನೇ ಕ್ಲಾಸಿನಿಂದ ಒಂದೇ ಬೆಂಚು. ಚರ್ಚಿನ ಹಾಡಿನ ಸಾಲಿನಲ್ಲಿ ಅಕ್ಕಪಕ್ಕ. ಮೊಜೆಲಳದ್ದೊಂದು ನೀಲಿ ಗಾಜಿನ ಬೋಗುಣಿ, ಮುಚ್ಚಳದ್ದು. ಅದು ಇವರಿಬ್ಬರ ಮನೆಯ ಮಧ್ಯೆ ಓಡಾಡುತ್ತಲೇ ಇತ್ತು. ಇವಳು ಪೀಚ್ ಹಣ್ಣಿನ ಪಾಯಸ ಹಾಕಿ ಕಳಿಸಿದರೆ ಅವಳು ಸಿಹಿಗೆಣಸು ಹಾಕಿ ಕಳಿಸುತ್ತಿದ್ದಳು. ಮೊಜೆಲಳ ಗಂಡ ಬರ್ಲ್ ಸತ್ತ ವರ್ಷ ಅವಳು ಒಲೆ ಹಚ್ಚಲಿಲ್ಲ. ಆ ಚಳಿಗಾಲ ಪೂರ್ತಿ ಅದೇ ಬೋಗುಣಿಯಲ್ಲಿ ವರ್ಲೀನ್ ಅವಳಿಗೆ ರಾತ್ರಿಯ ಊಟ ಹೊತ್ತಿದ್ದಾಳೆ, ಮಳೆ ಎನ್ನದೆ, ಚಳಿ ಎನ್ನದೆ.

ಆ ಸಲ ಹಿಮದ ಮಳೆ ಭಾನುವಾರ ಶುರುವಾಯಿತು. ಸೋಮವಾರ ಬೆಳಗಾಗುವಷ್ಟರಲ್ಲಿ ಒಂದೊಂದು ತಂತಿಯೂ ಮಣಿಕಟ್ಟಿನಷ್ಟು ದಪ್ಪವಾಗಿತ್ತು. ಪೈನ್ ಮರಗಳು ಭಾರ ತಡೆಯದೆ ಬಂದೂಕು ಹಾರಿದ ಹಾಗೆ ಸಿಡಿದು ಬೀಳುತ್ತಿದ್ದವು. ಕರೆಂಟು ಹೋಯಿತು, ಫೋನು ಹೋಯಿತು. ವರ್ಲೀನಳ ಕಾರಿನ ಮುಂದೆ ಒಂದು ಮರ ಅಡ್ಡ ಮಲಗಿತು. ನನ್ನ ಕಾರಿನ ಮೇಲೆ ಅದರ ಚಪ್ಪರವೇ ಕುಸಿಯಿತು. ನಮ್ಮ ಹತ್ತಿಗಿರಣಿ ಬೀದಿಯವರೆಲ್ಲ ಹಾಸಿಗೆ ಸುತ್ತಿಕೊಂಡು ಶಾಲೆಯ ಒಳಾಂಗಣ ಆಟದ ಹಾಲಿಗೆ ಹೋದರು. ಉಳಿದದ್ದು ಎರಡೇ ಮನೆ, ಅವಳದ್ದು ಮತ್ತು ನನ್ನದು. ನಾನು ಹಾಸಿಗೆ ಹೊತ್ತುಕೊಂಡು ಅವಳ ಒಲೆಯ ಪಕ್ಕಕ್ಕೇ ಬಂದೆ.

"ನಾವೂ ಹೋಗೋಣ ಕಣೇ. ಹೊಯ್ಟ್‌ನ ಯಾರಾದ್ರೂ ಎತ್ಕೊಂಡು ಹೋಗ್ತಾರೆ," ಎಂದೆ.

"ಅಲ್ಲಿ ತಣ್ಣನೆ ನೆಲದ ಮೇಲೆ ಮಲಗಿಸಿದ್ರೆ ಎದೆ ಕಟ್ಟಿ ಹೋಗ್ತಾನೆ. ಸಿಲಿಂಡರ್ ಇದೆ. ಹುಡುಗ್ರು ಬಂದಿದ್ದಾರೆ ಅಂತ ಸುದ್ದಿ. ಉಣಿಸಿದ್ರಾಯ್ತು," ಎಂದು ಸೊಂಟ ಕಟ್ಟಿ ನಿಂತಳು.

ಮಂಗಳವಾರ ಮಧ್ಯಾಹ್ನ ಮೊಜೆಲ್ ಬಂದಳು, ಬರ್ಲ್‌ನ ಹಳೇ ಟ್ರಕ್ಕಿನಲ್ಲಿ, ತೆವಳಿಕೊಂಡು. ಅವಳ ಮನೆ ಡಿಪೋ ಬೀದಿಯಲ್ಲಿ, ಊರಿನ ಆಚೆ ಮಗ್ಗುಲು. ಅಲ್ಲೂ ಕತ್ತಲೆಯೇ. ವರ್ಲೀನಳಿಗೆ ದೇವರೇ ಬಂದ ಹಾಗಾಯಿತು. ಕೋಳಿ ಮತ್ತು ಹಿಟ್ಟಿನ ಕಡುಬು ತುಂಬಿದ ದೊಡ್ಡ ತಟ್ಟೆ, ಜೋಳದ ರೊಟ್ಟಿ, ಒಂದು ಹಂಡೆ ಕಾಫಿ, ಎಲ್ಲವನ್ನೂ ಟ್ರಕ್ಕಿಗೇರಿಸಿದೆವು. ಲೈನ್‌ಮನ್‌ಗಳು ಚರ್ಚಿನ ಅಂಗಳದಲ್ಲಿ ಬೀಡು ಬಿಟ್ಟಿದ್ದರು.

"ಮೇಸ್ತ್ರಿಗೆ ನೀನೇ ಹೇಳಬೇಕು ಮೊಜೆಲ್," ಎಂದಳು ವರ್ಲೀನ್, ಅವಳ ಎರಡೂ ಕೈ ಹಿಡಿದು. "ಹತ್ತಿಗಿರಣಿ ಬೀದೀಲಿ ಹೊಯ್ಟ್ ಇದ್ದಾನೆ, ಯಂತ್ರದ ಮೇಲೆ ಇದ್ದಾನೆ ಅಂತ. ಮೊದ್ಲು ನಮ್ಮ ಬೀದಿ ಮಾಡಿಕೊಡಿ ಅನ್ನು. ಮರೀಬೇಡ."

"ಮರೀತೀನಾ? ನನ್ನ ಏನಂದ್ಕೊಂಡಿದ್ದೀಯೇ?" ಎಂದಳು ಮೊಜೆಲ್. ಹೊಯ್ಟ್‌ನ ಹಣೆಗೆ ಮುತ್ತಿಟ್ಟು ಹೋದಳು. ಆ ಮುತ್ತು ನನಗೆ ಮರೆಯಲಾಗುವುದಿಲ್ಲ.

ಕತ್ತಲಾಗುವ ಹೊತ್ತಿಗೆ ಊರಿನ ಆಚೆ ಮಗ್ಗುಲಿನಲ್ಲಿ ಮೋಡದಡಿ ಒಂದು ಹಳದಿ ಬೆಳಕು ಎದ್ದಿತು. ಡಿಪೋ ಬೀದಿ. ವರ್ಲೀನ್ ಕಿಟಕಿಯ ಹತ್ತಿರ ನಿಂತು ಚಪ್ಪಾಳೆ ತಟ್ಟಿದಳು. "ಮೊಜೆಲಳಿಗೆ ಬಂತು! ಪಾಪ, ಒಬ್ಬಳೇ ಇದ್ದಳು. ಇನ್ನು ನಮ್ಮದೇ, ನೋಡು." ಅವಳ ಸಂತೋಷ ನೋಡಿ ನಾನೂ ನಕ್ಕೆ. ಈಗ ಆ ಚಪ್ಪಾಳೆ ನೆನೆದರೆ ನನಗೆ ಮೈ ಉರಿಯುತ್ತದೆ.

ನಮ್ಮದು ಬರಲಿಲ್ಲ. ಕೊನೆಯ ಸಿಲಿಂಡರಿನ ಮುಳ್ಳು ಇಳಿಯುತ್ತಿತ್ತು. ವರ್ಲೀನ್ ತಿರುಪನ್ನು ಸಣ್ಣ ಮಾಡಿದಳು, ಇನ್ನೂ ಸಣ್ಣ ಮಾಡಿದಳು. ಹೊಯ್ಟ್‌ನ ತುಟಿ ಕಂದುತ್ತಾ ಬಂತು, ಜೋಕು ನಿಂತಿತು.

"ನಾನು ನಡೆದೇ ಹೋಗಿ ಮೊಜೆಲಳ ಕರ್ಕೊಂಡು ಬರ್ತೀನಿ. ಅವಳ ಮನೇಲಿ ಕರೆಂಟಿದೆ, ಇವನ್ನ ಯಂತ್ರದ ಸಮೇತ ಅಲ್ಲಿಗೇ ಸಾಗಿಸೋಣ," ಎಂದೆ.

"ಈ ಗಾಜಿನಂಥ ರಸ್ತೆ ಮೇಲೆ ನೀನು ಸೊಂಟ ಮುರ್ಕೊಂಡ್ರೆ ಇಬ್ಬರನ್ನ ನೋಡಬೇಕು ನಾನು. ಅವಳಿಗೇ ಹೊಳೆಯುತ್ತೆ ಸುಮ್ನಿರು. ಈಗ ಬಂದೇ ಬಿಡ್ತಾಳೆ, ಟ್ರಕ್ಕಿದೆ ಅವಳ ಹತ್ರ," ಎಂದಳು.

ಟ್ರಕ್ಕಿನ ಸದ್ದು ಕೇಳಿದಂತಾಗಿ ಎಷ್ಟೋ ಸಲ ಬಾಗಿಲಿಗೆ ಹೋದಳು. ಒಮ್ಮೆಯೂ ಅದು ಟ್ರಕ್ಕಾಗಿರಲಿಲ್ಲ, ಕೊಂಬೆ ಮುರಿಯುವ ಸದ್ದು.

ಬೆಳಗ್ಗೆ ಒಬ್ಬ ಲೈನ್‌ಮನ್ ಮೆಟ್ಟಿಲು ಹತ್ತಿದ. ಎತ್ತರದ ಮನುಷ್ಯ, ಗಡ್ಡದ ತುಂಬಾ ಹಿಮ, ಕೈಯಲ್ಲಿ ವರ್ಲೀನಳ ಬೇಕಿಂಗ್ ತಟ್ಟೆ. ಬಾಗಿಲು ಬಡಿಯಲಿಲ್ಲ, ತಟ್ಟೆಯನ್ನು ಜಗಲಿಯ ಮೇಲಿಟ್ಟು ಹೊರಟವನು ಕಾಫಿಯ ವಾಸನೆಗೆ ತಿರುಗಿ ನಿಂತ. ನಾನು ಬಾಗಿಲು ತೆಗೆದಾಗ ದೆವ್ವ ಕಂಡವನ ಹಾಗೆ ನೋಡಿದ.

"ಅಮ್ಮಾ, ನೀವು ಇಲ್ಲಿದ್ದೀರಾ? ಈ ಬೀದಿ ಖಾಲಿ ಅಂದರಲ್ಲ!"

"ಯಾರಂದ್ರು?" ಎಂದಳು ವರ್ಲೀನ್ ನನ್ನ ಹಿಂದಿನಿಂದ.

"ಊಟ ತಂದ ಹೆಂಗಸು. ಮೊಜೆಲ್ ಅಂತ. ಹತ್ತಿಗಿರಣಿ ಬೀದೀಲಿ ನರಪಿಳ್ಳೆ ಇಲ್ಲ, ಎಲ್ಲಾ ಶಾಲೆ ಸೇರಿದ್ದಾರೆ, ನಮ್ಮ ಡಿಪೋ ಬೀದಿ ಮಾಡಿ ಅಂದರು. ಮೇಸ್ತ್ರಿ ಹಾಗೇ ಮಾಡಿದ. ಇಲ್ಲಿನ ಸರದಿ ಶುಕ್ರವಾರ ಅಂತ ಹಾಕಿದ್ದಾನೆ." ಅವನು ತಟ್ಟೆಯನ್ನು ಮೇಲೆತ್ತಿ ಅಡಿ ತೋರಿಸಿದ. "ಅಡಿಗೆ ತನ್ನದೇ ಅಂದಿದ್ದರು. ತೊಳೆಯುವಾಗ ನೋಡಿದ್ರೆ ಅಡಿಯಲ್ಲಿ ಬೇರೆ ಹೆಸರು. ನಮ್ಮಮ್ಮನೂ ಹೀಗೇ ಬರೀತಾಳೆ. ದಾರಿ ಮೇಲೇ ಇತ್ತು, ಖಾಲಿ ಮನೆಯಾದರೂ ಜಗಲೀಲಿ ಇಟ್ಟು ಹೋಗೋಣ ಅಂತ ಬಂದೆ."

ತಟ್ಟೆಯಲ್ಲಿ ಎರಡು ಕಿತ್ತಳೆ ಹಣ್ಣಿದ್ದವು. ಅವನ ಬುತ್ತಿಯದ್ದಿರಬೇಕು. ಎಲ್ಲಿಯವನೋ, ಯಾವ ರಾಜ್ಯದವನೋ, ಬರಿ ತಟ್ಟೆ ಹಿಂದಿರುಗಿಸಬಾರದೆಂಬುದು ಅವನಿಗೂ ತಿಳಿದಿತ್ತು.

ವರ್ಲೀನ್ ಮುಂದೆ ಬಂದಳು. ಬಾಗಿಲು ಪೂರ್ತಿ ತೆರೆದು ಒಳಗೆ ಕೈ ತೋರಿಸಿದಳು. ಹೊಯ್ಟ್‌ನ ತುಟಿಯ ಬಣ್ಣ ನೋಡಿದ್ದೇ ಆ ಮನುಷ್ಯ ಹೆಗಲ ಮೇಲಿನ ರೇಡಿಯೋದಲ್ಲಿ ಕೂಗಾಡತೊಡಗಿದ. ಬೆಂಕಿ ನಂದಿಸುವವರು ಸಿಲಿಂಡರ್ ತಂದರು, ಮರ ಕೊಯ್ದರು. ಊಟದ ಹೊತ್ತಿಗೆ ನಮ್ಮ ಬೀದಿಯ ತಂತಿ ಎಳೆದಾಗಿತ್ತು. ಯಂತ್ರ ಗುರುಗುಟ್ಟಿತು. ಹೊಯ್ಟ್ ಬದುಕಿದ, ಆದರೆ ಆ ರಾತ್ರಿಯ ನಂತರ ಹಾಸಿಗೆಯಿಂದ ಅಡಿಗೆಮನೆಯವರೆಗೂ ನಡೆಯಲಾರದವನಾದ.

ಪೂರ್ತಿ ಸುಳ್ಳಾದರೆ ಹಿಡಿಯಬಹುದು. ಮೊಜೆಲ್ ಹೇಳಿದ್ದು ಮುಕ್ಕಾಲು ನಿಜ. ಬೀದಿಯವರೆಲ್ಲ ಶಾಲೆ ಸೇರಿದ್ದು ಹೌದು. ಬಿಟ್ಟದ್ದು ಎರಡು ಮನೆಯನ್ನು ಮಾತ್ರ, ಅದರಲ್ಲಿ ಒಂದು ತನ್ನನ್ನು ಒಂದು ಚಳಿಗಾಲ ಸಾಕಿದ ಮನೆ. ಉಂಡ ಮನೆಗೆ ಎರಡು ಬಗೆಯುವುದು ಎಂದರೆ ಇನ್ನೇನು?

ಹಿಮ ಕರಗಿದ ಮೇಲೆ ಒಂದು ದಿನ ವರ್ಲೀನ್ ನೀಲಿ ಬೋಗುಣಿಯನ್ನು ಕಪಾಟಿನಿಂದ ಇಳಿಸಿದಳು. ಈ ಸಲ ಅದು ಇವಳ ಮನೆಯಲ್ಲಿ ಉಳಿದಿತ್ತು. ಬಿಸಿನೀರಲ್ಲಿ ತೊಳೆದಳು, ಒರೆಸಿದಳು, ಬೆಳಕಿಗೆ ಹಿಡಿದು ನೋಡಿ ಮತ್ತೆ ಒರೆಸಿದಳು. ಮೇಜಿನ ಮೇಲೆ ಬೆಳಗ್ಗೆ ಮಾಡಿದ ಬನ್ನುಗಳು ರಾಶಿ ಇದ್ದವು.

"ಎರಡು ಹಾಕ್ಲಾ?" ಎಂದೆ, ಅಭ್ಯಾಸಬಲದಿಂದ.

ಅವಳು ಮುಚ್ಚಳ ಮುಚ್ಚಿ ಕೋಟು ಹಾಕಿಕೊಂಡಳು. ನಾನೂ ಹೋದೆ.

ಮೊಜೆಲ್ ಬಾಗಿಲು ತೆರೆದವಳೇ ಅಳತೊಡಗಿದಳು. ಕಾಯುತ್ತಾ ಇದ್ದಳೇನೋ. "ಬರಬೇಕು ಅಂತ ಎಷ್ಟು ಸಲ ಟ್ರಕ್ ಹತ್ತಿದೆ ಗೊತ್ತಾ. ಮುಖ ತೋರಿಸೋಕೆ ಆಗ್ಲಿಲ್ಲ. ಸಿಲಿಂಡರ್ ಇದೆಯಲ್ಲ, ಒಂದು ದಿನ ತಾನೇ ಅಂದ್ಕೊಂಡೆ. ಬರ್ಲ್ ಹೋದ ಮೇಲೆ ನಂಗೆ ಕತ್ತಲೆ ಅಂದ್ರೆ ಆಗೋದಿಲ್ಲ ವರ್ಲೀನ್, ನಿಂಗೊತ್ತು. ನಿಂಗೆ ಕತ್ತಲೇಲಿ ಕೈ ಹಿಡ್ಕೊಳ್ಳೋಕೆ ಹೊಯ್ಟ್ ಇದ್ದ. ನಂಗೆ ಯಾರಿದ್ರು?"

"ನಾನಿದ್ದೆ," ಎಂದಳು ವರ್ಲೀನ್.

ಬೋಗುಣಿಯನ್ನು ಚಾಚಿದಳು. ಮೊಜೆಲಳ ಮುಖ ಒಮ್ಮೆಲೇ ಅರಳಿತು. ಕ್ಷಮೆ ಬಂತು ಎಂದುಕೊಂಡಳೋ ಏನೋ, ಎರಡೂ ಕೈಯಲ್ಲಿ ಎದೆಗೊತ್ತಿಕೊಂಡಳು. ಆಮೇಲೆ ಅದರ ಹಗುರ ತಿಳಿಯಿತು. ಮುಚ್ಚಳ ತೆಗೆದು ಒಳಗೆ ನೋಡಿದಳು, ತಲೆ ಎತ್ತಿ ಇವಳನ್ನು ನೋಡಿದಳು.

"ವರ್ಲೀನ್... ಇದರಲ್ಲಿ ಏನೂ ಇಲ್ವಲ್ಲೇ?"

"ಇಲ್ಲ," ಎಂದಳು ವರ್ಲೀನ್. ನನ್ನ ತೋಳು ಹಿಡಿದು ಮೆಟ್ಟಿಲಿಳಿದಳು.