ಹಸಿದ ಖೋಲಿ

ಹುಮನಾಬಾದಿನ ಆ ಮನೆಯೊಡತಿಯನ್ನು ಓಣಿಯವರಂತೆ ನಾವೂ ಆಯಿ ಎಂದೆವು. ಹಾಲು, ಸೊಪ್ಪು, ಯಾವುದನ್ನೂ ಆಕೆ ಮೂಸದೆ ಮುಟ್ಟುತ್ತಿರಲಿಲ್ಲ. ಕಾರ್ಖಾನೆಯ ಕೆಲಸಕ್ಕೆಂದು ಹೆಂಡತಿ, ಕೂಸಿನೊಂದಿಗೆ ಬಸವಕಲ್ಯಾಣದಿಂದ ಬಂದ ನಾನು, ಬಹಳ ದಿನ ಮುಚ್ಚಿದ್ದ ಖೋಲಿಯನ್ನು ಬಾಡಿಗೆಗೆ ಕೇಳಿದೆ.

"ಮೊದ್ಲಿಗೆ ಕೂಸಿನ ಮೈಮ್ಯಾಲಿನ ಅಂಗಿ ಕೊಡ್ರಿ," ಎಂದಳು.

ಅದನ್ನು ನೆಲಕ್ಕೆ ಹಾಸಿ ಬಾಗಿಲು ಮುಚ್ಚಿದಳು. ಸ್ವಲ್ಪ ಹೊತ್ತಿನ ಮೇಲೆ ತೆರೆದರೆ, ಗೋಡೆಯ ಬಿರುಕುಗಳಿಂದ ಇಳಿದ ತಿಗಣೆಗಳು ಅಂಗಿಯನ್ನು ಮುತ್ತಿದ್ದವು.

"ಹಸದಾವ್ರಿ. ಹೊಟ್ಟಿ ತುಂಬಿದ್ರ ನಮ್ಮ ವಾಸನಿಗೆ ಬರಂಗಿಲ್ಲ."

"ಔಷಧ ಹೊಡಸ್ರಿ, ಆಯಿ."

"ಯಾಕ್ರಿ? ಒಂದ್ ರಾತ್ರಿ ತಡೀರಿ."

ನಮಗೆ ತನ್ನ ಖೋಲಿ ಬಿಟ್ಟುಕೊಟ್ಟು, ಆಕೆ ಚಾಪೆ ಹಿಡಿದು ತಿಗಣೆಗಳಿದ್ದ ಖೋಲಿಯೊಳಗೆ ಹೋದಳು.

ಬೆಳಿಗ್ಗೆ ಆಕೆಯ ಕೈ, ಕುತ್ತಿಗೆ ತುಂಬ ಕೆಂಪು ಗುಳ್ಳೆಗಳಿದ್ದವು. ಮುಖ ಮಾತ್ರ ಶಾಂತವಾಗಿತ್ತು.

"ಎಲ್ಲಾ ಉಂಡಾವ. ಈಗ ಕೂಸಿನ್ನ ಮಲಗಸ್ರಿ."

ಹೆಂಡತಿ ಕೂಸನ್ನು ಎದೆಗೆ ಅವಚಿಕೊಂಡಳು. ಮಧ್ಯಾಹ್ನದೊಳಗೆ ನಾವು ಬಸವಕಲ್ಯಾಣದ ಬಸ್ಸಿನಲ್ಲಿದ್ದೆವು.